ಫೈಲಿನೊಳಗಿನ ಕಂಪ್ಯೂಟರ್ ಸಾಲಿಗೆ ಬರುವುದೆಂದು?

ಬೈಲಹೊಂಗಲದ ಪೇಟೆಯಲ್ಲಿ ಈಗ ಯಾವ ಅಂಗಡಿಗೆ ಹೋದರೂ ಗಲ್ಲಾದ ಮುಂದೆ ಒಂದು ಚೌಕಾಕಾರದ ಚುಕ್ಕಿ ಚಿತ್ರ ಇರುತ್ತದೆ. ಕ್ಯೂಆರ್ ಕೋಡ್ ಅಂತಾರೆ. ಗಿರಾಕಿ ಮೊಬೈಲ್ ಹಿಡಿಯುತ್ತಾನೆ, ರೊಕ್ಕ ಜಮಾ ಆಯಿತೆಂದು ಡಬ್ಬಿ ಒದರಿ ಹೇಳುತ್ತದೆ. 2016ರಲ್ಲಿ ಯುಪಿಐ ಶುರುವಾದಾಗ ‘ನಮಗ್ಯಾಕ್ರಿ ಈ ಉಸಾಬರಿ’ ಎಂದ ಕಿರಾಣಿ ಅಂಗಡಿಯವರೇ ಇಂದು ಅದಿಲ್ಲದೆ ಬಾಗಿಲು ತೆರೆಯುವುದಿಲ್ಲ. ಇವರಿಗೆ ಕಲಿಸಿದವರು ಯಾರು? ಸರ್ಟಿಫಿಕೇಟ್ ಕೊಟ್ಟ ಕಾಲೇಜು ಯಾವುದು? ಯಾವುದೂ ಇಲ್ಲ. ಗಿರಾಕಿ ಎದುರಿಗೆ ನಿಂತಿದ್ದ, ವ್ಯಾಪಾರ ನಡೆಯಬೇಕಾಗಿತ್ತು. ಕಲಿತರು.

ಅಂಥದೇ ಚುಕ್ಕಿ ಚಿತ್ರ ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲೂ ಅಚ್ಚಾಗಿದೆ. ಇವತ್ತು ಮನೆಗೆ ಹೋದ ಮೇಲೆ ಮಗಳ ಪಾಟೀಚೀಲ ಬಿಚ್ಚಿ ನೋಡಿರಿ. ಅದಕ್ಕೆ ಮೊಬೈಲ್ ಹಿಡಿದರೆ ಆ ಪಾಠದ ವಿಡಿಯೋ, ಪ್ರಶ್ನೆ, ಅಭ್ಯಾಸ ತೆರೆದುಕೊಳ್ಳಬೇಕು. ಕೇಂದ್ರ ಸರಕಾರ 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯಂದೇ ಆರಂಭಿಸಿದ ‘ದೀಕ್ಷಾ’ದ ವ್ಯವಸ್ಥೆ ಅದು. ಅಂಗಡಿಯ ಚಿತ್ರ ದಿನಕ್ಕೆ ನೂರು ಸಲ ಕೆಲಸ ಮಾಡುತ್ತದೆ. ಪುಸ್ತಕದ ಚಿತ್ರ ವರ್ಷಕ್ಕೆ ಎಷ್ಟು ಸಲ ಕೆಲಸ ಮಾಡಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಅದು ಸಾಲಿಗಿಂತ ಮೊದಲು ಬಿ.ಎಡ್. ಕಾಲೇಜಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಬಸ್ಸಿನಲ್ಲಿ ಕೇಳಿದ ಮಾತು

ಮೊನ್ನೆ ಸಂಜೆಯ ಬಸ್ಸಿನಲ್ಲಿ ಚಚಡಿಯ ಹುಡುಗಿಯೊಬ್ಬಳು ನಮ್ಮ ಪಕ್ಕದ ಸೀಟಿನಲ್ಲಿದ್ದಳು. ಬಿ.ಎಡ್. ಓದುತ್ತಾಳೆ. ತೊಡೆಯ ಮೇಲೆ ದಪ್ಪನ್ನ ಫೈಲು. ಹಿಂದಿನ ಸೀಟಿನ ಹಿರಿಯರೊಬ್ಬರು ಸುಮ್ಮನಿರಲಾರದೆ ಕೇಳಿದರು:

‘ಏನ್ ತಂಗಿ, ವಕೀಲರ ಕಾಗದ ಇದ್ದಂಗ ಐತಲ್ಲ, ಏನದು?’

‘ಐಸಿಟಿ ರೆಕಾರ್ಡ್ ರೀ ಕಾಕಾ. ಕಂಪ್ಯೂಟರಿನ್ಯಾಗ ಪಾಠ ಹೆಂಗ ಮಾಡಬೇಕನ್ನೂದರದು.’

‘ಹಂಗಾದ್ರ ಸಾಲ್ಯಾಗ ಹುಡುಗರಿಗೆ ಮಾಡಿ ತೋರಿಸೀಯೇನು?’

‘ಇಲ್ಲರೀ. ಕಂಪ್ಯೂಟರಿನ ಚಿತ್ರ ಕಲರ್ ಪ್ರಿಂಟ್ ತಗಸಿ ಹಚ್ಚೀನ್ರಿ. ಮಾರ್ಕ್ಸ್ ಫೈಲಿಗೇ ರೀ.’

ಬಸ್ಸಿನಲ್ಲಿ ನಾಲ್ಕು ಮಂದಿ ನಕ್ಕರು. ಹುಡುಗಿ ನಗಲಿಲ್ಲ. ಝೆರಾಕ್ಸ್ ಅಂಗಡಿಯ ಬಿಲ್ಲು ಅವಳ ಅಪ್ಪ ಕೊಟ್ಟದ್ದು. ಹತ್ತಿ, ಜೋಳ ಬೆಳೆಯುವ ಮನೆತನ. ನಗುವ ಮಾತೂ ಇದಲ್ಲ. ಎಲ್ಲ ಕಾಲೇಜುಗಳೂ ಹೀಗೆಂದು ನಾವು ಹೇಳುತ್ತಿಲ್ಲ. ಮುತುವರ್ಜಿಯಿಂದ ಕಲಿಸುವ ಪ್ರಾಧ್ಯಾಪಕರೂ ಇದ್ದಾರೆ. ಆದರೆ ಕಂಪ್ಯೂಟರಿನ ವಿದ್ಯೆ ಫೈಲಿನೊಳಗೆ ಹೋಗಿ ಕುಳಿತು, ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹೋಗುವ ರೂಢಿ ಅಲ್ಲಲ್ಲಿ ಬೇರುಬಿಟ್ಟಿದೆ ಎಂಬುದನ್ನು ಝೆರಾಕ್ಸ್ ಅಂಗಡಿಯವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ನಿಯಮ ಹೇಳುವುದೇನು?

ನಿಯಮ ಕೆಟ್ಟದ್ದಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ನಿಯಮಗಳನ್ನು ತಿದ್ದಿ, ಒಂದು ವರ್ಷದ ಬಿ.ಎಡ್. ಶಿಕ್ಷಣವನ್ನು ಎರಡು ವರ್ಷಕ್ಕೆ ಏರಿಸಿತು. 2015ರಿಂದ ಅದು ಜಾರಿಗೆ ಬಂತು. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ವಿಚಾರಪೂರ್ವಕವಾಗಿ ಅರಿಯುವುದು ಒಂದು ವಿಷಯವೇ ಆಯಿತು. ಮಕ್ಕಳ ಎದುರು ನಿಂತು ಕಲಿಸುವುದಕ್ಕೆಂದು ಎರಡು ವರ್ಷದಲ್ಲಿ 20 ವಾರ ಇಟ್ಟರು. ಅಂದರೆ ವಿದ್ಯೆಯೂ ಇದೆ, ಅದನ್ನು ಪ್ರಯೋಗಿಸುವ ಸಾಲಿಯೂ ಇದೆ. ಎರಡನ್ನೂ ಜೋಡಿಸುವ ಕೊಂಡಿಯೇ ಇಲ್ಲ! ಕಂಪ್ಯೂಟರನ್ನು ಲ್ಯಾಬಿನಲ್ಲಿ ಕಲಿಯುತ್ತಾರೆ, ಪಾಠವನ್ನು ಸಾಲಿಯಲ್ಲಿ ಮಾಡುತ್ತಾರೆ. ಲ್ಯಾಬಿನದು ಸಾಲಿಗೆ ಬರುವುದಿಲ್ಲ. ನೀರಿಗಿಳಿಯದೆ ಈಜು ಬಂದೀತೇ?

ಉಪಗ್ರಹ ಹೋಯಿತು, ಮಾಸ್ತರರು ಉಳಿದರು

ಯಂತ್ರ ಕಂಡು ಬೆರಗಾಗುವುದು ನಮಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಉಪಗ್ರಹವೊಂದರ ಮೂಲಕ ದೇಶದ 6 ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು. ಸೈಟ್ ಎಂದು ಅದರ ಹೆಸರು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಮಕ್ಕಳಿಗೆ ಹಗಲು ಪಾಠ, ಊರಿನವರಿಗೆ ಸಂಜೆ ಕಾರ್ಯಕ್ರಮ. ವರ್ಷ ಮುಗಿದೊಡನೆ ಕರಾರಿನಂತೆ ಉಪಗ್ರಹ ಹಿಂದಕ್ಕೆ ಹೋಯಿತು. ಆದರೆ ಅದೇ ಯೋಜನೆಯಲ್ಲಿ ಪ್ರಾಥಮಿಕ ಶಾಲೆಯ ಸಾವಿರಾರು ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯೂ ನಡೆದಿತ್ತು. ಉಪಗ್ರಹ ಹೋದರೂ ಕಲಿತ ಮಾಸ್ತರರು ಸಾಲಿಯಲ್ಲೇ ಉಳಿದರು.

ಆಮೇಲೆ 2001ರಲ್ಲಿ ರಾಜ್ಯದ ಸರಕಾರಿ ಹೈಸ್ಕೂಲುಗಳಿಗೆ ‘ಮಾಹಿತಿ ಸಿಂಧು’ ಬಂತು. ಹೊರಗಿನ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟು ಕಂಪ್ಯೂಟರ್ ಕಲಿಸಿದರು. ಯೋಜನೆ ಮುಗಿಯಿತು, ಗುತ್ತಿಗೆಯವರು ಹೋದರು. ಗಣಿತದ ಮಾಸ್ತರರೇ ಗಣಿತಕ್ಕೆ ಕಂಪ್ಯೂಟರ್ ಬಳಸುವಂತೆ ಆಗಬೇಕೆಂಬ ವಿಚಾರ ಗಟ್ಟಿಯಾಗಲು ಇನ್ನೂ ಹಲವು ವರ್ಷ ಹಿಡಿಯಿತು. ಪೆಟ್ಟಿಗೆ ಬರುತ್ತದೆ, ಕೆಡುತ್ತದೆ, ಹೋಗುತ್ತದೆ. ಕಲಿತವರ ಕೈ ಉಳಿಯುತ್ತದೆ. ಆದ್ದರಿಂದಲೇ ಆ ಚಚಡಿಯ ಹುಡುಗಿಯ ಕೈಗೆ ವಿದ್ಯೆ ಹತ್ತಿತೋ ಇಲ್ಲವೋ ಎಂಬುದು ಅವಳೊಬ್ಬಳ ಪ್ರಶ್ನೆಯಲ್ಲ. ಅವಳು ಮುಂದೆ ಮೂವತ್ತು ವರ್ಷ ಕಲಿಸುವವಳು. ವರ್ಷಕ್ಕೆ ನಲವತ್ತು ಮಕ್ಕಳೆಂದು ಹಿಡಿದರೂ ಸಾವಿರದಿನ್ನೂರು ಮಕ್ಕಳಾದರು. ಅದರಲ್ಲಿ ನಮ್ಮವರೂ ಇರುತ್ತಾರೆ, ನಿಮ್ಮವರೂ ಇರುತ್ತಾರೆ.

ಏನು ಕಲಿಯಬೇಕು?

ದೊಡ್ಡ ಸಾಹಸವೇನೂ ಬೇಡ. ಮೊದಲನೆಯದು ಕನ್ನಡ. ಈಗಲೂ ಎಷ್ಟೋ ಪ್ರಶ್ನೆಪತ್ರಿಕೆಗಳನ್ನು ಹಳೆಯ ಫಾಂಟಿನಲ್ಲಿ ಟೈಪು ಮಾಡುತ್ತಾರೆ. ಅದೇ ಕಡತ ಮೊಬೈಲಿಗೆ ಬಂದರೆ ಅಕ್ಷರವೆಲ್ಲ ಅಡ್ಡಾದಿಡ್ಡಿ, ದೇವರಿಗೂ ತಿಳಿಯದು. ಯೂನಿಕೋಡ್ ಕನ್ನಡದಲ್ಲಿ ಟೈಪು ಮಾಡಿದರೆ ಎಲ್ಲ ಕಡೆ ಓದಬಹುದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ಒಂದು ವಾರ ಪಟ್ಟು ಹಿಡಿದು ಕುಳಿತರೆ ಯಾರಿಗೂ ಬರುತ್ತದೆ. ಶಿಕ್ಷಕಿಯಾಗುವವಳು ತನ್ನ ಪ್ರಶ್ನೆಪತ್ರಿಕೆಗೆ ಡಿಟಿಪಿ ಅಂಗಡಿಯ ಬಾಗಿಲು ಕಾಯಬಾರದು. ಡಿಟಿಪಿ ಅಂಗಡಿಯವರು ಸಿಟ್ಟಾಗಬೇಡಿ, ಲಗ್ನಪತ್ರಿಕೆಯ ಕೆಲಸ ನಿಮಗೇ ಇದೆ!

ಎರಡನೆಯದು, ನೆಟ್‌ವರ್ಕ್ ಇಲ್ಲದಾಗ ಪಾಠ ಮಾಡುವುದು. ಹಳ್ಳಿಯ ಸಾಲಿಯಲ್ಲಿ ಕರೆಂಟು ಹೋಗುತ್ತದೆ, ಸಿಗ್ನಲ್ ಬಾಗಿಲ ಹೊರಗೇ ನಿಲ್ಲುತ್ತದೆ. ದೀಕ್ಷಾದ ಪಾಠಗಳನ್ನು ಸಿಗ್ನಲ್ ಇದ್ದಲ್ಲಿ ಮೊದಲೇ ಇಳಿಸಿಕೊಂಡು ಹೋಗಬಹುದು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವ ಹೊತ್ತು ಸಾಕು. ರೇಖಾಗಣಿತಕ್ಕೆ ಜಿಯೋಜೆಬ್ರಾ ಎಂಬ ಉಚಿತ ಸಾಧನವಿದೆ. ಅದರಲ್ಲಿ ತ್ರಿಭುಜವನ್ನು ಎಳೆದು ಹಿಗ್ಗಿಸಿದರೂ ಮೂರು ಕೋನ ಸೇರಿ 180 ಡಿಗ್ರಿಯೇ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

ಮೂರನೆಯದು, ನಮ್ಮದನ್ನು ನಾವೇ ಪಾಠ ಮಾಡಿಕೊಳ್ಳುವುದು. ನದಿಯ ಪಾಠಕ್ಕೆ ದೂರದ ದೇಶದ ವಿಡಿಯೋ ಏಕೆ ಬೇಕು? ನಮ್ಮ ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಮೊಬೈಲಿನ ನಕಾಶೆಯಲ್ಲಿ ಬೆರಳಿಟ್ಟು ಈ ದಾರಿ ತೋರಿಸಲಿ, ಅಣೆಕಟ್ಟಿನ ಮುಂದೆ ನಿಂತು ಎರಡು ನಿಮಿಷದ ವಿಡಿಯೋ ತೆಗೆಯಲಿ. ಯಲ್ಲಮ್ಮನ ಗುಡ್ಡಕ್ಕೆ ಹೋದ ಮಗು ನೀರನ್ನು ಕಂಡೇ ಇರುತ್ತದೆ. ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಆಗ ತಿಳಿಯುತ್ತದೆ.

ಒಂದು ಆಕ್ಷೇಪಣೆ

‘ಮೊದಲೇ ಹುಡುಗರು ಮೊಬೈಲಿಗೆ ಅಂಟಿಕೊಂಡು ಹಾಳಾಗ್ಯಾರ, ಇನ್ನ ಅಕ್ಕೋರೂ ಮೊಬೈಲ್ ಹಿಡದ್ರ ಹೆಂಗ್ರಿ?’ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ನಾವು ಮಗುವಿನ ಕೈಗೆ ಮೊಬೈಲ್ ಕೊಡಿರೆಂದು ಹೇಳುತ್ತಿಲ್ಲ. ಅಕ್ಕೋರ ಕೈಯಲ್ಲಿರುವುದು ಖಡು, ಹಲಗೆ, ನಕಾಶೆ ಇದ್ದ ಹಾಗೆ. ಐದು ನಿಮಿಷ ತೋರಿಸಿ ಬದಿಗಿಟ್ಟು ಮಕ್ಕಳ ಮುಖ ನೋಡಿ ಪಾಠ ಮಾಡಬೇಕು. ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಕಲಿಯಬೇಕಲ್ಲ? ಅದು ಫೈಲಿನಿಂದ ಬರುವ ವಿದ್ಯೆಯಲ್ಲ.

2020ರ ಮಾರ್ಚಿನಲ್ಲಿ ಕೊರೊನಾದಿಂದ ಸಾಲಿ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಚಂದನ ವಾಹಿನಿಯಲ್ಲಿ ಪಾಠ ಬಂತು. ಅದೇ ವರ್ಷ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂದು ಮಾಸ್ತರರು ಗುಡಿಯ ಕಟ್ಟೆ, ಮರದ ನೆರಳಿಗೇ ಹೋಗಿ ಕಲಿಸಿದರು. ಸೋಂಕಿನ ಅಂಜಿಕೆಯಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಒಳ್ಳೆಯ ಮೊಬೈಲ್ ಇದ್ದ ಮನೆಯ ಮಗು ಮುಂದೆ ಹೋಯಿತು, ಇಲ್ಲದ್ದು ಹಿಂದೆ ಬಿತ್ತು. ಕಟ್ಟೆಯ ಮೇಲೆ ಕಲಿಸುವುದು, ಪರದೆಯ ಮೇಲೆ ಕಲಿಸುವುದು ಎರಡೂ ಬಲ್ಲ ಶಿಕ್ಷಕರಿದ್ದ ಊರು ಆಗ ಪುಣ್ಯವಂತ ಊರು.

ಮಾಡಬೇಕಾದದ್ದು

ನಮ್ಮ ಬೇಡಿಕೆ ನಾಲ್ಕೇ. ಐಸಿಟಿಯ ಅಂಕವನ್ನು ಫೈಲಿಗೆ ಕೊಡಬೇಡಿ. ಸಾಲಿಯಲ್ಲಿ ಮಕ್ಕಳ ಎದುರು ಮಾಡಿದ ಪಾಠ ನೋಡಿ ಕೊಡಿ. 20 ವಾರದಲ್ಲಿ ಅಂಥ ನಾಲ್ಕು ಪಾಠವಾದರೂ ಆಗಲಿ. ಎರಡು, ಕಲರ್ ಪ್ರಿಂಟು ಕಡ್ಡಾಯವೆನ್ನುವುದನ್ನು ಬಿಡಿ. ಅದು ಬಡವರ ಜೇಬಿಗೆ ಕತ್ತರಿ. ಮೂರು, ಕಾಲೇಜಿನ ಕಂಪ್ಯೂಟರ್ ಕೋಣೆಗೆ ಕ್ಲಾಸು ಮುಗಿದೊಡನೆ ಬೀಗ ಹಾಕಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಖರ್ಚು ತಪ್ಪಿತು. ಆದರೆ ಹಳ್ಳಿಯ ಬಸ್ಸು ಬರುವವರೆಗೆ ಆ ಹುಡುಗಿಯರು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಆ ಹೊತ್ತು ಕೀಲಿಮಣೆಯ ಮುಂದೆ ಕಳೆದರೆ ಯಾರ ಗಂಟು ಹೋಗುತ್ತದೆ?

ನಾಲ್ಕನೆಯದು ನಮ್ಮ ವ್ಯಾಪಾರಸ್ಥ ಬಂಧುಗಳಿಗೆ. ಹೊಸ ಟಿವಿ ಕೊಂಡಾಗ ಕೆಡದ ಹಳೆಯದನ್ನು ಮೂಲೆಗೆ ತಳ್ಳುತ್ತೀರಿ. ಅದನ್ನು ನಿಮ್ಮೂರ ಸಾಲಿಯ ಎಸ್‌ಡಿಎಂಸಿಗೆ ಕೊಡಿರಿ. ಮೊಬೈಲಿನ ಸಣ್ಣ ಪರದೆಯನ್ನು ನಲವತ್ತು ಮಕ್ಕಳು ನೋಡಲಾಗದು. ಜೋಡಿಸಲು ಬರುವಂಥ ಟಿವಿ ಇದ್ದರೆ ನೋಡಬಹುದು. ಇದು ಈ ನೆಲಕ್ಕೆ ಹೊಸ ಮಾತಲ್ಲ. ಇದೇ ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡವರು. ಅವರು ದೇಸಗತಿಯನ್ನೇ ಕೊಟ್ಟರು. ನಾವು ಒಂದು ಟಿವಿ ಕೊಡಲಾರೆವೇ?

ಬಸ್ಸು ಚಚಡಿಗೆ ಬಂದಾಗ ಹುಡುಗಿ ಫೈಲನ್ನು ಎದೆಗವಚಿಕೊಂಡು ಇಳಿದಳು. ಹಿಂದಿನ ಸೀಟಿನ ಹಿರಿಯರು ಕಿಟಕಿಯಿಂದ ಕೂಗಿ ಹೇಳಿದರು: ‘ತಂಗಿ, ನಮ್ಮ ಮೊಮ್ಮಗಳು ಐದನೇತ್ತೆ ಅದಾಳ. ಮೊದಲ ಆಕಿಗೆ ತೋರಸವಾ ನಿನ್ನ ಕಂಪ್ಯೂಟರ್ ಪಾಠ.’ ಹುಡುಗಿ ಹೂಂ ಎಂದು ತಲೆಯಾಡಿಸಿದಳು. ಕಾಕಾನವರಿಗೆ ಹೊಳೆದದ್ದು ಕಾಲೇಜಿನವರಿಗೆ, ಇಲಾಖೆಯವರಿಗೆ ಯಾವಾಗ ಹೊಳೆದೀತು?