ಮೋಟಾರು ಅಪಘಾತಗಳೂ ಉದರದ ಗಾಯಗಳೂ

2022ನೆಯ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಅಪಮೃತ್ಯುವಿಗೀಡಾದರೆಂದು ಕೇಂದ್ರ ಸರ್ಕಾರದ ಸಾರಿಗೆ ಖಾತೆಯವರೇ ಪ್ರಕಟಿಸಿರುವರು. ಇಂಥ ಸಂಖ್ಯೆಯನ್ನೋದಿ ನಿಟ್ಟುಸಿರುಬಿಟ್ಟು ಪತ್ರಿಕೆಯನ್ನು ಮಡಿಸಿಡುವುದು ನಮಗೆಲ್ಲ ರೂಢಿಯಾಗಿಹೋಗಿದೆ. ಆದರೆ ಗಾಯಾಳುಗಳಲ್ಲಿ ಒಂದು ವರ್ಗದವರ ವಿಷಯವಾಗಿ ಮಹಾಜನರೂ ಅಧಿಕಾರಿಗಳೂ ವಿಶೇಷವಾಗಿ ಆಲೋಚಿಸತಕ್ಕದ್ದಿದೆ. ತಲೆಯೊಡೆದವನನ್ನೂ ಕಾಲು ಮುರಿದವನನ್ನೂ ಯಾರಾದರೂ ಗುರುತಿಸಬಲ್ಲರು. ಹೊಟ್ಟೆಗೆ ಪೆಟ್ಟುಬಿದ್ದವನಾದರೋ ತಾನೇ ಎದ್ದುನಿಂತು, ಬಟ್ಟೆ ಕೊಡವಿಕೊಂಡು, ‘ನನಗೇನೂ ಆಗಿಲ್ಲ’ವೆಂದು ಹೇಳಿ, ಒಂದು ಲೋಟ ನೀರು ಕುಡಿದು ಮನೆಗೆ ಹೊರಟುಬಿಡುವುದುಂಟು.

ಒಳಗೆ ಆಗಿರುವುದೇ ಬೇರೆ. ವಾಹನವು ಥಟ್ಟನೆ ನಿಂತಾಗ ದೇಹವು ನಿಲ್ಲುವುದಿಲ್ಲ. ಸ್ಟೀರಿಂಗ್ ಚಕ್ರವೋ ಬೆಲ್ಟೋ ಉದರವನ್ನು ಬೆನ್ನೆಲುಬಿನ ಕಡೆಗೆ ಅದುಮುವುದು. ಎಡಪಕ್ಕೆಯ ಗುಲ್ಮವೂ ಬಲಪಕ್ಕೆಯ ಯಕೃತ್ತೂ ರಕ್ತ ತುಂಬಿದ ಮೃದುವಾದ ಅಂಗಗಳಾದುದರಿಂದ ಬೇಗನೆ ಸೀಳುವುವು. ಲೀಟರುಗಟ್ಟಲೆ ರಕ್ತವು ಉದರದೊಳಗೆ ಸೇರಿದರೂ ಚರ್ಮದ ಮೇಲೆ ಒಂದು ಹನಿಯೂ ಕಾಣದಿರಬಹುದು. ಕರುಳು ಹರಿದುದರ ಸೂಚನೆಗಳು ಹಲವು ಗಂಟೆಗಳಾದ ಮೇಲೆ ತೋರಬಹುದು. ಗುಲ್ಮದ ರಕ್ತಸ್ರಾವವು ಕೆಲವರಲ್ಲಿ ದಿನಗಳು ಕಳೆದ ಮೇಲೆ ಪ್ರಕಟವಾಗುವುದೂ ಉಂಟು. ಹೊಟ್ಟೆಗೆ ಅಡ್ಡಲಾಗಿ ಬೆಲ್ಟಿನ ಬರೆ ಮೂಡಿರುವುದು, ಎಡಭುಜದಲ್ಲಿ ಪೆಟ್ಟಿಲ್ಲದೆಯೇ ನೋವು, ಬಿಳಿಚಿದ ಮುಖ, ವೇಗವಾದ ನಾಡಿ, ತಣ್ಣನೆಯ ಬೆವರು – ಇವುಗಳಲ್ಲಿ ಒಂದು ಕಂಡರೂ ಅಂಥವನನ್ನು ಮನೆಗೆ ಕಳುಹಿಸಕೂಡದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದುದರಿಂದ ಕುಡಿಯಲು ನೀರನ್ನೂ ಕೊಡಕೂಡದು.

ಇದನ್ನೋದಿ ಬೆಲ್ಟನ್ನೇ ದೂಷಿಸಹೊರಡುವ ಜಾಣರು ನಮ್ಮಲ್ಲಿ ಇಲ್ಲದಿಲ್ಲ. 2022ನೆಯ ಸೆಪ್ಟೆಂಬರ್ 4ರಂದು ಪಾಲ್ಘರಿನ ಬಳಿ ಮಡಿದ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಆಸನದಲ್ಲಿ ಬೆಲ್ಟಿಲ್ಲದೆ ಕುಳಿತಿದ್ದರೆಂಬುದನ್ನು ಅವರು ನೆನೆಯಲಿ. ಬೆಲ್ಟು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಗಳ ಮೇಲೆ ಕೂರತಕ್ಕದ್ದು; ಗರ್ಭಿಣಿಯರಿಗೂ ಇದೇ ಕ್ರಮ.

ಇನ್ನು ಸರ್ಕಾರದ ಮಾತು. 2025ನೆಯ ಮೇ 5ರಂದು ಪ್ರಕಟವಾದ ಯೋಜನೆಯಂತೆ, ಅಪಘಾತಕ್ಕೀಡಾದವನಿಗೆ ಏಳು ದಿವಸಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಹಣ ಕೇಳದೆ ಚಿಕಿತ್ಸೆ ನಡೆಯಬೇಕು. ಸರ್ವೋಚ್ಚ ನ್ಯಾಯಾಲಯವು ಒತ್ತಾಯಪಡಿಸಿದ ಮೇಲೆ ಬಂದುದಾದರೂ ಇದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಈ ಏಳು ದಿವಸಗಳ ಲೆಕ್ಕವು ಅಪಘಾತದ ದಿವಸದಿಂದ ನಡೆಯುವುದು. ಉದರದ ಗಾಯವು ಈ ಪಂಚಾಂಗವನ್ನು ಅರಿಯದು. ಐದನೆಯ ದಿವಸ ರಕ್ತಸ್ರಾವ ಕಾಣಿಸಿಕೊಂಡವನ ಗತಿಯೇನು? ಕರುಳಿಗೆ ಎರಡು ಮೂರು ಸಲ ಶಸ್ತ್ರಚಿಕಿತ್ಸೆ ಬೇಕಾದವನು ಎಂಟನೆಯ ದಿವಸ ಹೊಲವನ್ನು ಅಡವಿಡಬೇಕೆ?

ಹಣಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ. ಗುಲ್ಮವು ಸೀಳಿದವರಿಗೆ ಹಿಂದೆ ಅದನ್ನು ಕತ್ತರಿಸಿ ತೆಗೆಯುವುದೇ ವಾಡಿಕೆಯಾಗಿತ್ತು. ಈಗ ಅನೇಕರು ಶಸ್ತ್ರಚಿಕಿತ್ಸೆಯಿಲ್ಲದೆ ಗುಣಹೊಂದುತ್ತಾರೆ. ಆದರೆ ಅದಕ್ಕೆ ಹಗಲಿರುಳು ಸ್ಕ್ಯಾನ್, ರಕ್ತ, ಶಸ್ತ್ರವೈದ್ಯರು, ಗಂಟೆಗಂಟೆಗೂ ನಾಡಿ ನೋಡುವ ದಾದಿಯರು ಬೇಕು. ಹಾಸಿಗೆಯ ಪಕ್ಕದಲ್ಲೇ ಕೆಲವು ನಿಮಿಷಗಳಲ್ಲಿ ಮುಗಿಯುವ ಅಲ್ಟ್ರಾಸೌಂಡ್ ಪರೀಕ್ಷೆಯು ಉದರದೊಳಗಿನ ರಕ್ತವನ್ನು ತೋರಿಸಬಲ್ಲದು. ಮೊದಲ ಸಲ ಕಾಣದಿದ್ದರೆ ಮತ್ತೊಮ್ಮೆ ನೋಡಬೇಕು. 2023ನೆಯ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸುಂಕ ವಸೂಲಿಗೆ ಇರುಳೆಲ್ಲ ಆಳುಗಳು ದೊರೆಯುವರು. ಹೆದ್ದಾರಿಗಳ ಪಕ್ಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಎರಡು ಗಂಟೆಗೆ ಈ ಪರೀಕ್ಷೆ ಮಾಡತಕ್ಕವರು ಎಷ್ಟು ಮಂದಿ ಇರುವರೆಂಬುದನ್ನು ಆರೋಗ್ಯ ಸಚಿವರು ಆಸ್ಪತ್ರೆವಾರಾಗಿ ಶಾಸನಸಭೆಯ ಮುಂದಿಡಬೇಕೆಂದು ನಾವು ಕೇಳುತ್ತೇವೆ.