ಶೋಲೆ ನೋಡೋಣ, ಆದರೆ ಬೆಟ್ಟದ ಬುಡದಲ್ಲಿ ಬೇಡ

ನಮ್ಮ ಸೆಕ್ಷನ್ ಹುಡುಗರಿಗೆ ಒಂದು ಆಸೆ ಹುಟ್ಟಿದೆ. 'ಶೋಲೆ' ಬಂದು 50 ವರ್ಷ ಆಯಿತು, ಅದನ್ನು ತೆಗೆದದ್ದು ನಮ್ಮ ರಾಮನಗರದಲ್ಲೇ, ಆದ್ದರಿಂದ ರಾಮದೇವರ ಬೆಟ್ಟದ ಬುಡದಲ್ಲಿ ದೊಡ್ಡ ಪರದೆ ಕಟ್ಟಿ, ಊರಿನವರನ್ನೆಲ್ಲ ಕರೆದು, ಒಂದು ರಾತ್ರಿ ಆ ಸಿನಿಮಾ ತೋರಿಸಬೇಕಂತೆ. ಅದನ್ನು ಇಕೋ ಕ್ಲಬ್ ಹೆಸರಿನಲ್ಲೇ ಮಾಡಬೇಕಂತೆ. ಮೊದಲು ಕೇಳಿದಾಗ ನನಗೂ ಖುಷಿಯಾಯಿತು. ಗಬ್ಬರ್ ಓಡಾಡಿದ ಬಂಡೆಗಳ ಎದುರೇ ಕೂತು ಗಬ್ಬರ್‌ನನ್ನು ನೋಡುವುದು ಯಾರಿಗೆ ಬೇಡ? ಆದರೂ ನಾನು ಒಪ್ಪುವುದಿಲ್ಲ. ನನಗೆ ಸಿನಿಮಾ ಬೇಕು, ಆ ಜಾಗ ಬೇಡ. ಕ್ಲಾಸಿನಲ್ಲಿ ಇದನ್ನು ಹೇಳಲು ನಿಂತರೆ ಯಾರಾದರೂ ಗಬ್ಬರ್ ದನಿ ತೆಗೆದು ನಗಿಸಿ ಮುಗಿಸಿಬಿಡುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿ ಅವರ ತಂಡ ಇಲ್ಲಿ ಚಿತ್ರೀಕರಣ ಶುರು ಮಾಡಿತು. ಬೆಟ್ಟದ ಕೆಳಗೆ ರಾಮಗಢ ಎಂಬ ಊರನ್ನೇ ಸೆಟ್ ಹಾಕಿದ್ದರು. ಸಿನಿಮಾ 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ಈಗ ಆ ಸೆಟ್ ಇಲ್ಲ, ಬಂಡೆಗಳು ಮಾತ್ರ ಇವೆ. ಆದರೆ ಆ ಬಂಡೆಗಳು ಈಗ ಬರೀ ಶೂಟಿಂಗ್ ಜಾಗ ಅಲ್ಲ. 2012ರಲ್ಲಿ ಸರ್ಕಾರ ಅಲ್ಲಿನ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದುಗಳ ಅಭಯಾರಣ್ಯ ಎಂದು ಘೋಷಿಸಿತು. ರಣಹದ್ದುಗಳಿಗೆಂದೇ ಮಾಡಿದ ಅಭಯಾರಣ್ಯ ದೇಶದಲ್ಲೇ ಅದು ಮೊದಲನೆಯದು. ಶೋಲೆ ವಿಷಯ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹದ್ದಿನ ವಿಷಯ ಕೇಳಿದರೆ, 'ಹೌದಾ, ಅಲ್ಲೇನಾ?' ಎನ್ನುವವರೇ ಹೆಚ್ಚು.

ಅಲ್ಲಿರುವುದು ಮುಖ್ಯವಾಗಿ ಉದ್ದ ಕೊಕ್ಕಿನ ರಣಹದ್ದು. ಇದು ಕಡಿದಾದ ಬಂಡೆಯ ಸಂದಿಯಲ್ಲಿ ಗೂಡು ಕಟ್ಟುತ್ತದೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮೊಟ್ಟೆ, ಮರಿಯ ಕಾಲ ಸುಮಾರಾಗಿ ನವೆಂಬರ್‌ನಿಂದ ಮಾರ್ಚ್ ತನಕ, ಅಂದರೆ ಮಳೆ ನಿಂತು ನಮಗೂ ಬಯಲಲ್ಲಿ ಕೂತು ಸಿನಿಮಾ ನೋಡಲು ಅನುಕೂಲವಾಗುವ ಕಾಲವೇ. ಬೆಟ್ಟದಲ್ಲಿ ಈಗ ಉಳಿದಿರುವ ಹದ್ದುಗಳು ಬೆರಳೆಣಿಕೆಯಷ್ಟು. ಅಷ್ಟರಲ್ಲಿ ಒಂದು ಜೋಡಿ ಹೆದರಿ ಗೂಡು ಬಿಟ್ಟು ಹೋದರೂ ಆ ವರ್ಷದ ಲೆಕ್ಕವೇ ತಪ್ಪುತ್ತದೆ.

'ದೇವಸ್ಥಾನಕ್ಕೆ ಜನ ಹೋಗುವುದಿಲ್ಲವಾ, ಪ್ರವಾಸಿಗರು ಹೋಗುವುದಿಲ್ಲವಾ, ನಮ್ಮದು ಒಂದೇ ರಾತ್ರಿ ತಾನೇ?' ಎಂದು ಗೆಳೆಯರು ಕೇಳುತ್ತಾರೆ. ಹೋಗುವವರು ಹಗಲಲ್ಲಿ ಹೋಗಿ ಬರುತ್ತಾರೆ. ನಾವು ತೆಗೆದುಕೊಂಡು ಹೋಗುವುದು ಜನರೇಟರ್, ಫೋಕಸ್ ಲೈಟ್, ಆಳೆತ್ತರದ ಸ್ಪೀಕರ್, ಜೊತೆಗೆ ಮೂರು ಗಂಟೆಗೂ ಮೀರಿದ ಸಿನಿಮಾ. ಅದರಲ್ಲಿ ಎಷ್ಟು ಗುಂಡು ಹಾರುತ್ತದೆ ಎಂದು ನೋಡಿದವರಿಗೆಲ್ಲ ಗೊತ್ತು. ಆ ಶಬ್ದ ಎದುರಿನ ಬಂಡೆಗೆ ಬಡಿದು ವಾಪಸ್ ಬರುತ್ತದೆ. ಗೂಡು ಇರುವುದೂ ಅಂಥ ಬಂಡೆಯಲ್ಲೇ.

ವಾಣಿಜ್ಯ ವಿಭಾಗದವರಿಗೆ ಹಕ್ಕಿಯ ಉಸಾಬರಿ ಯಾಕೆ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ದನಗಳಿಗೆ ನೋವು ಕಡಿಮೆಯಾಗಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ, ಆ ದನ ಸತ್ತ ಮೇಲೆ ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. 1990ರ ದಶಕದಿಂದ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋದವು. 2006ರಲ್ಲಿ ಸರ್ಕಾರ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಇದರ ಪರಿಣಾಮದ ಅಂದಾಜು ಪ್ರಕಟಿಸಿದರು. ಹದ್ದುಗಳಿಲ್ಲದೆ ಸತ್ತ ದನ ಕೊಳೆತು, ನೀರು ಕೆಟ್ಟು, ಬೀದಿನಾಯಿ ಹೆಚ್ಚಿ, 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು ಎಂಬುದು ಅವರ ಲೆಕ್ಕ. ನಾವು ಬ್ಯಾಲೆನ್ಸ್ ಶೀಟ್ ಬರೆಯುವಾಗ ಆಸ್ತಿ ಕಡೆ ಕಟ್ಟಡ, ಯಂತ್ರ, ನಗದು ಬರೆಯುತ್ತೇವೆ. ಹದ್ದನ್ನು ಬರೆಯಲು ಅಲ್ಲಿ ಕಾಲಂ ಇಲ್ಲ.

ಹದ್ದು ಇಲ್ಲದಿದ್ದರೂ ನಾನು ಬೇಡ ಎನ್ನುತ್ತಿದ್ದೆ. 'ಊರಿನವರೆಲ್ಲ' ಎಂದು ಹುಡುಗರು ಹೇಳುತ್ತಾರಲ್ಲ, ಅದರಲ್ಲಿ ಯಾರು ಯಾರಿದ್ದಾರೆ? ರಾತ್ರಿ ಊರಾಚೆ ಬೆಟ್ಟದ ಹತ್ತಿರ, ಲೈಟಿಲ್ಲದ ದಾರಿಯಲ್ಲಿ, ನಮ್ಮ ಕಾಲೇಜಿನ ಎಷ್ಟು ಹುಡುಗಿಯರನ್ನು ಮನೆಯವರು ಕಳಿಸುತ್ತಾರೆ? ನಮ್ಮ ಮನೆಯಲ್ಲಿ ಕೇಳುವ ಮೊದಲೇ ಉತ್ತರ ಗೊತ್ತು. ಶೂಟಿಂಗ್ ನಡೆಯುವಾಗ ನಮ್ಮ ದಾದಾ ಸೈಕಲ್ ತುಳಿದುಕೊಂಡು ಹೋಗಿ ಬಿಸಿಲಲ್ಲಿ ನಿಂತು ನೋಡಿ ಬರುತ್ತಿದ್ದರಂತೆ. ಆಗ ದಾದಿ ಹೊಸದಾಗಿ ಮದುವೆಯಾಗಿ ಬಂದಿದ್ದರು. ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ. ಸಂಜೆ ದಾದಾ ಬಂದು, ಇವತ್ತು ಕುದುರೆ ಬಂತು, ಇವತ್ತು ಮಳೆ ಬಂದು ಕೆಲಸ ನಿಂತಿತು ಎಂದು ಹೇಳಿದ್ದನ್ನು ಕೇಳಿಸಿಕೊಂಡಿದ್ದೇ ಅವರ ಶೋಲೆ. ಆಮೇಲೆ ಟಿವಿಯಲ್ಲಿ ರೊಟ್ಟಿ ತಟ್ಟುತ್ತಾ ಅಷ್ಟಿಷ್ಟು ನೋಡಿದ್ದಾರೆ. ಡೈಲಾಗ್ ಎಲ್ಲ ಬಾಯಿಪಾಠ, ನಮ್ಮ ಮನೆಯ ಮಾತಿನಲ್ಲೇ ಇರುವುದರಿಂದ ಅದೇನು ಕಷ್ಟವಲ್ಲ. ಆದರೆ ದೊಡ್ಡ ಪರದೆಯಲ್ಲಿ ಒಂದು ಸಲವೂ ನೋಡಿಲ್ಲ. ಈಗ 50 ವರ್ಷದ ಸಂಭ್ರಮವನ್ನೂ ಹುಡುಗರು ಬೈಕಿನಲ್ಲಿ ಹೋಗಿ ನೋಡಿ ಬಂದು ನಮಗೆ ಕಥೆ ಹೇಳಬೇಕೇ?

ಇದನ್ನು ನಮ್ಮ ಕಾಲೇಜಿನ ಮೈದಾನದಲ್ಲೇ ಮಾಡಬಹುದು. ಹೊಸ ಬ್ಲಾಕಿನ ಹಿಂದಿನ ಗೋಡೆಗೆ ಸುಣ್ಣ ಹೊಡೆದಾಗಿದೆ, ಪರದೆಯ ಬಾಡಿಗೆಯೂ ಉಳಿಯುತ್ತದೆ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಮಗ್ರಿಬ್. ನಮಾಜ್ ಮುಗಿಸಿ ಶುರು ಮಾಡಿದರೆ ಇಶಾ ಹೊತ್ತಿಗೆ ಇಂಟರ್ವಲ್, ಹತ್ತೂವರೆಯೊಳಗೆ ಎಲ್ಲರೂ ಮನೆಯಲ್ಲಿ. ಕಾನೂನೂ ನಮ್ಮ ಕಡೆಗಿದೆ. ಬಯಲಲ್ಲಿ ಊರಿಗೆಲ್ಲ ತೋರಿಸಬೇಕೆಂದರೆ ಸಿನಿಮಾದ ಹಕ್ಕು ಇರುವವರ ಅನುಮತಿ ಬೇಕು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ, ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ, ವಿದ್ಯಾರ್ಥಿಗಳು, ಸಿಬ್ಬಂದಿ, ತಂದೆತಾಯಿ, ಪೋಷಕರು, ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ನೋಡಿದರೆ ಅದು ಉಲ್ಲಂಘನೆ ಅಲ್ಲ. ಊರಿಗೆಲ್ಲ ಬಾಗಿಲು ತೆರೆಯಲು ಆಗುವುದಿಲ್ಲ, ಅದು ನಷ್ಟವೇ. ಆದರೆ ಫಿಲೇಚರ್‌ಗಳಲ್ಲಿ, ಗೂಡಿನ ಮಾರುಕಟ್ಟೆಯಲ್ಲಿ ದುಡಿಯುವ ನಮ್ಮ ಪೋಷಕರೆಲ್ಲ ಬಂದರೆ ಅರ್ಧ ಊರು ಬಂದ ಹಾಗೆಯೇ. (ಅಮ್ಮಿಗೆ ರಜೆ ಸಿಗದೆ ಪೋಷಕರ ಸಭೆಗೆ ಬರುವವರು ನಮ್ಮ ದಾದಿ. ಆದ್ದರಿಂದ ಅವರೂ ಪೋಷಕರೇ ಎಂದು ನನ್ನ ವಾದ.)

ಸಿನಿಮಾ ಎಂದರೆ ಮುಖ ಗಂಟಿಕ್ಕುವ ಮನೆಗಳೂ ಇವೆ, ಸ್ಟಾಫ್ ರೂಮಿನಲ್ಲೂ ಒಬ್ಬಿಬ್ಬರು ಇರಬಹುದು. ಅವರಿಗೆ ಬಲವಂತ ಇಲ್ಲ. ಹೆಲೆನ್ ಹಾಡು ಬಂದಾಗ ಚಹಾಕ್ಕೆ ಎದ್ದು ಹೋಗುವವರು ಹೋಗಲಿ. ಮಗನನ್ನು ಕಳೆದುಕೊಂಡ ಕುರುಡು ಇಮಾಂ ಸಾಹೇಬರ ಭಾಗ ಬಂದಾಗ ಮಾತ್ರ ದಯವಿಟ್ಟು ಕೂತಿರಿ.

ಇಕೋ ಕ್ಲಬ್ ಹೆಸರು ಹಾಕುವುದಾದರೆ ಅದಕ್ಕೂ ಏನಾದರೂ ಕೆಲಸ ಇರಬೇಕು. ಇಂಟರ್ವಲ್ ಮುಗಿದ ಮೇಲೆ ಹತ್ತು ನಿಮಿಷ ರಣಹದ್ದಿನ ಚಿತ್ರಗಳನ್ನು ತೋರಿಸಲಿ, ಅರಣ್ಯ ಇಲಾಖೆಯವರನ್ನು ಮಾತಾಡಲು ಕರೆಯಲಿ. ಬೆಟ್ಟ ನೋಡಲೇಬೇಕು ಎನ್ನುವವರು ಅನುಮತಿ ಪಡೆದು, ಚಿಕ್ಕ ಬ್ಯಾಚಿನಲ್ಲಿ, ಭಾನುವಾರ ಹಗಲು ಹೋಗಬಹುದು. ಸ್ಪೀಕರ್ ಬೇಡ, ಬೈನಾಕ್ಯುಲರ್ ಸಾಕು.

ಪ್ರಿನ್ಸಿಪಾಲ್ ಸರ್ ಅವರಿಗೆ ಕೊಡಲು ಅರ್ಜಿ ಬರೆದಿದ್ದೇವೆ. ಇಲ್ಲಿಯವರೆಗೆ 41 ಸಹಿ ಆಗಿದೆ, ಅದರಲ್ಲಿ ಹುಡುಗರದ್ದು ಒಂಬತ್ತು. ಅರ್ಜಿ ಲೈಬ್ರರಿ ಮೇಡಂ ಮೇಜಿನ ಮೇಲಿದೆ, ಶುಕ್ರವಾರದವರೆಗೆ ಅಲ್ಲೇ ಇರುತ್ತದೆ.