ನಾಗರದ ಪಕ್ಕೆಯ ಕೊಳವೆ

ನಕಲು ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ನಕಲು ಒಡವೆ, ನಕಲು ರುಜು, ಪರೀಕ್ಷೆಯ ನಕಲು - ಎಲ್ಲಿ ಕೇಳಿದರೂ ಅದರ ಬೆನ್ನಿಗೆ ಕಳ್ಳತನದ ನೆರಳೊಂದು ಇದ್ದೇ ಇರುತ್ತದೆ. ಆದರೆ ಹಾಡುಹಗಲಿನಲ್ಲಿ, ನಾಲ್ಕು ಜನರೆದುರು, “ಇದು ನಕಲು; ನಾನೇ ಕಟ್ಟಿದ್ದು” ಎಂದು ಎದೆಯುಬ್ಬಿಸಿ ಹೇಳುವ ಒಂದು ಪಂಗಡವೂ ಲೋಕದಲ್ಲಿದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ತಮ್ಮ ಮನೆಯ ಗ್ಯಾರೇಜಿನೊಳಗೆ ಹಳೆಯ ಸ್ಪೋರ್ಟ್ಸ್ ಕಾರುಗಳ ಪ್ರತಿಕೃತಿಯನ್ನು ಕಟ್ಟುವ ಹವ್ಯಾಸಿಗಳು ಈ ಪಂಗಡದವರು. ಅವರಿಗೆ ಬಹು ಪ್ರಿಯವಾದ ಮಾದರಿ ‘ಕೋಬ್ರಾ’. ನಮ್ಮ ಮಾತಿನಲ್ಲಿ ನಾಗರಹಾವು.

ಈ ನಾಗರದ ಹುಟ್ಟೇ ಒಂದು ಸೋಜಿಗ. ಟೆಕ್ಸಾಸಿನವರಾದ ಕ್ಯಾರಲ್ ಶೆಲ್ಬಿಯವರು ಒಂದು ಕಾಲಕ್ಕೆ ಕೋಳಿ ಸಾಕಿದವರು. 1959ರಲ್ಲಿ ಲ ಮಾನ್ ಪಂದ್ಯವನ್ನು ಗೆದ್ದವರು. ಹೃದಯದ ಬೇನೆಯಿಂದ ಪಂದ್ಯದ ಚಕ್ರವನ್ನು ಕೈಬಿಡಬೇಕಾದಾಗ, ಕಾರು ಓಡಿಸುವುದನ್ನು ಬಿಟ್ಟು ಕಾರು ಕಟ್ಟಿಸುವುದಕ್ಕೆ ಮನಸ್ಸು ಹರಿಸಿದರು. ಇಂಗ್ಲೆಂಡಿನ ಥೇಮ್ಸ್ ಡಿಟನ್ನಿನಲ್ಲಿದ್ದ ಎ.ಸಿ. ಕಂಪನಿಯ ಹಗುರವಾದ ಕಾರಿಗೆ ಆಗ ತಕ್ಕ ಎಂಜಿನ್ ಇಲ್ಲವಾಗಿತ್ತು. ಅಮೆರಿಕದ ಫೋರ್ಡ್ ಕಂಪನಿಯಲ್ಲಿ ಎಂಟು ಸಿಲಿಂಡರುಗಳ ಹೊಸ ಎಂಜಿನ್ ಸಿದ್ಧವಾಗಿತ್ತು. ಇವೆರಡಕ್ಕೂ ಗಂಟು ಹಾಕಿದ ಪುರೋಹಿತರು ಶೆಲ್ಬಿಯವರು. 1962ರಲ್ಲಿ ಮೊದಲ ಕೋಬ್ರಾ ಹೊರಬಂತು. ಹೆಸರು ತಮಗೆ ಕನಸಿನಲ್ಲಿ ಕಂಡಿತೆಂದು ಅವರು ಹೇಳಿಕೊಳ್ಳುತ್ತಿದ್ದರು. 1960ರ ದಶಕದಲ್ಲಿ ತಯಾರಾದ ಕೋಬ್ರಾಗಳು ಹೆಚ್ಚು ಕಡಿಮೆ ಸಾವಿರ. ಶೆಲ್ಬಿಯವರು 2012ರಲ್ಲಿ ತೀರಿಕೊಂಡರು. ಅವರು ಕಡೆಯವರೆಗೂ ತಮ್ಮಲ್ಲಿಯೇ ಇಟ್ಟುಕೊಂಡಿದ್ದ ಆ ಮೊದಲ ಕಾರು 2016ರ ಹರಾಜಿನಲ್ಲಿ 1 ಕೋಟಿ 37.5 ಲಕ್ಷ ಡಾಲರಿಗೆ ಹೋಯಿತು. ಅಸಲಿಗೆ ಇಂಥ ಬೆಲೆ ಬಂದ ಮೇಲೆ ಸಂಬಳದ ಮನುಷ್ಯನಿಗೆ ಉಳಿಯುವುದು ನಕಲೊಂದೇ ಅಲ್ಲವೆ?

ನಕಲು ಕಟ್ಟುವವರು ಎಲ್ಲಕ್ಕಿಂತ ಹೆಚ್ಚು ಆದರಿಸುವುದು 1965ರ ‘427’ ಮಾದರಿಯನ್ನು. ಅದರ ಎಂಜಿನ್ ಏಳು ಲೀಟರಿನದು. ಅದರ ಅತ್ಯಂತ ಪ್ರಸಿದ್ಧವಾದ ಅಲಂಕಾರವೆಂದರೆ, ಎರಡು ಪಕ್ಕೆಗಳಲ್ಲಿಯೂ ಬಾಗಿಲಿನ ಕೆಳಗೆ ಮಲಗಿರುವ ದಪ್ಪನೆಯ ಹೊಗೆಗೊಳವೆ. ಮುಂದಿನ ಚಕ್ರದ ಹಿಂದೆ ನಾಲ್ಕು ಸಣ್ಣ ಕೊಳವೆಗಳು ದೇಹವನ್ನು ಭೇದಿಸಿ ಹೊರಬಂದು, ಒಂದಾಗಿ ಕೂಡಿ, ಹಿಂದಿನ ಚಕ್ರದ ಮುಂದೆ ಬಾಯಿ ತೆರೆಯುತ್ತವೆ. ಇದಿಲ್ಲದ ಕೋಬ್ರಾ ಹೆಡೆಯಿಲ್ಲದ ನಾಗರವೆಂದು ಅಭಿಮಾನಿಗಳ ಭಾವನೆ.

ಆದರೆ ಚರಿತ್ರೆ ಬೇರೊಂದು ಮಾತನ್ನು ಹೇಳುತ್ತದೆ. ಪಕ್ಕೆಯ ಕೊಳವೆ ಪಂದ್ಯದ ಕಾರಿಗೆಂದು ಮಾಡಿದ್ದು. ಪಂದ್ಯದಲ್ಲಿ ಹೊಗೆ ಹತ್ತಿರದ ದಾರಿಯಿಂದ ಹೊರಬಿದ್ದರೆ ಸಾಕು. ಕಿವಿಯ ಗತಿಯನ್ನಾಗಲಿ ಕಾಲಿನ ಗತಿಯನ್ನಾಗಲಿ ಯಾರೂ ವಿಚಾರಿಸುವುದಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಂತೆ ಆ ಬಗೆಯ 100 ಕಾರುಗಳು ಸಕಾಲದಲ್ಲಿ ಸಿದ್ಧವಾಗಬೇಕಿತ್ತು, ಆಗಲಿಲ್ಲ. ಪಂದ್ಯಕ್ಕೆ ಸಲ್ಲದೆ ಉಳಿದ ಕೆಲವು ಕಾರುಗಳಿಗೆ ಗಾಳಿತಡೆಯ ಗಾಜು ಮುಂತಾದವನ್ನು ಜೋಡಿಸಿ ರಸ್ತೆಯ ಗಿರಾಕಿಗಳಿಗೆ ಮಾರಿದರು. ಹೀಗೆ ಪಕ್ಕೆಯ ಕೊಳವೆ ರಸ್ತೆಗೆ ಬಂತು. ರಸ್ತೆಗೆಂದೇ ಮಾಡಿದ ‘427’ಗಳ ಹೊಗೆಗೊಳವೆ ಸಭ್ಯವಾಗಿ ಕಾರಿನ ಅಡಿಯಲ್ಲಿತ್ತು. ಇಂದು ಸಾವಿರಾರು ನಕಲುಗಳು ಪರಮ ನಿಷ್ಠೆಯಿಂದ ಅನುಸರಿಸುವುದು, ಮಾರಾಟವಾಗದೆ ಮಿಕ್ಕ ಸರಕಿನ ಒಂದು ಲಕ್ಷಣವನ್ನು!

ಆ ನಿಷ್ಠೆಗೆ ತೆರಬೇಕಾದ ದಂಡವೂ ಸಣ್ಣದಲ್ಲ. ಎಂಜಿನ್ನಿನಿಂದ ಹೊರಡುವ ಹೊಗೆಯ ಕಾವು 600 ಡಿಗ್ರಿ ಸೆಂಟಿಗ್ರೇಡನ್ನೂ ಮೀರಬಲ್ಲದು. ಎಪ್ಪತ್ತು ಡಿಗ್ರಿ ಕಾದ ಲೋಹ ಕ್ಷಣಮಾತ್ರದಲ್ಲಿ ಚರ್ಮವನ್ನು ಸುಡುತ್ತದೆ. ಕೊಳವೆಯ ಮೈ ಅದಕ್ಕಿಂತ ಎಷ್ಟೋ ಪಾಲು ಬಿಸಿ. ಕಾರಿನಿಂದ ಇಳಿಯುವವರ ಮೀನಖಂಡಕ್ಕೆ ಅದು ತಗಲಿದರೆ ಬರೆ ಎದ್ದಿತೆಂದೇ ಲೆಕ್ಕ. ಇದಕ್ಕೆ ಅಲ್ಲಿನವರು ‘ಹಾವಿನ ಕಡಿತ’ ಎಂದು ವಿನೋದವಾಗಿ ಹೆಸರಿಟ್ಟಿದ್ದಾರೆ. ಈ ನಾಗರದ ವಿಷ ಹಲ್ಲಿನಲ್ಲಿಲ್ಲ, ಪಕ್ಕೆಯಲ್ಲಿದೆ. ಒಡೆಯನೇನೋ ಒಮ್ಮೆ ಸುಟ್ಟುಕೊಂಡು ಪಾಠ ಕಲಿಯುತ್ತಾನೆ. ಆದರೆ ಹೊಳೆಯುವ ಕಾರನ್ನು ಕಂಡು ಓಡಿಬರುವ ಪಕ್ಕದ ಮನೆಯ ಮಗುವಿಗೆ, ನಿಂತ ಕಾರಿನ ಕೊಳವೆ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆಂದು ಯಾರು ಹೇಳಬೇಕು?

ಇನ್ನು ಸದ್ದು. ಇದರಲ್ಲೊಂದು ಛಂದಸ್ಸಿದೆ. ಇಂಥ ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ ಎಂಟು ಸ್ಫೋಟಗಳು ಸಮಾನ ಅಂತರದಲ್ಲಿ ನಡೆಯುತ್ತವೆ. ಆದರೆ ಒಂದೊಂದು ಪಕ್ಕದ ನಾಲ್ಕನ್ನೇ ಕೇಳಿದರೆ ಅಂತರಗಳು ಒಂದು, ಎರಡು, ಮೂರು, ಎರಡು ಮಾತ್ರೆಗಳಂತೆ ಕುಂಟುತ್ತವೆ. ಕೂಡಿದರೆ ಎಂಟು ಮಾತ್ರೆ. ಎರಡು ಪಕ್ಕದ ಕೊಳವೆಗಳನ್ನು ಎಲ್ಲಿಯೂ ಕೂಡಿಸದ ಕೋಬ್ರಾದಲ್ಲಿ ಈ ಕುಂಟುಲಯ ಹಾಗೆಯೇ ಕಿವಿಗೆ ಬೀಳುತ್ತದೆ. ಅಭಿಮಾನಿಗಳು ಮನಸೋಲುವ ಗುಡುಗು ಇದೇ. ಗುಡುಗನ್ನು ಮೆಚ್ಚುವವನು ಒಬ್ಬ, ಅದರಿಂದ ನಿದ್ರೆಗೆಡುವವರು ಇಡೀ ಬೀದಿಯವರು. ಶೆಲ್ಬಿಯವರ ಕರ್ಮಭೂಮಿಯಾಗಿದ್ದ ಕ್ಯಾಲಿಫೋರ್ನಿಯದಲ್ಲಿಯೇ ಈಗ ಕಾರಿನ ಸದ್ದು 95 ಡೆಸಿಬೆಲ್ಲನ್ನು ಮೀರಕೂಡದೆಂಬ ಕಾನೂನಿದೆ. ಹತ್ತು ಡೆಸಿಬೆಲ್ ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟು ಏರಿತೆಂದು ಅರ್ಥ.

ಇವುಗಳಿಂದ ಬೇಸತ್ತು ಕೊಳವೆಯನ್ನು ಸುಧಾರಿಸಲು ಹೊರಟವನ ಮುಂದೆ ಮೂರು ಕೆಲಸಗಳಿವೆ.

ಮೊದಲನೆಯದು ಲೋಹ. ಅಗ್ಗದ ಕೊಳವೆ ಸಾದಾ ಉಕ್ಕಿನದು. ಮಳೆಯ ತೇವಕ್ಕೂ ಎಂಜಿನ್ನಿನ ಕಾವಿಗೂ ತುಕ್ಕು ಹಿಡಿಯುತ್ತದೆ. ಅದರ ಬದಲು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಬೆರೆತ ಸ್ಟೇನ್‌ಲೆಸ್ ಉಕ್ಕನ್ನು ತರುತ್ತಾರೆ. ನಮ್ಮ ಅಡುಗೆಮನೆಯ ಒಳ್ಳೆಯ ಪಾತ್ರೆಗಳಿಗೂ ಇದೇ ಲೋಹ. ಆದರೆ ಇದು ಕಾದಾಗ ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಕೊಳವೆ 400 ಡಿಗ್ರಿಯಷ್ಟು ಕಾವೇರಿದರೆ ಸಾದಾ ಉಕ್ಕು ಸುಮಾರು 5 ಮಿಲಿಮೀಟರ್, ಇದು ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ. ಆದ್ದರಿಂದ ಹಿಂದಿನ ತುದಿಯನ್ನು ಬಿಗಿಯಾಗಿ ಕಟ್ಟದೆ, ರಬ್ಬರಿನ ಆಸರೆಯಲ್ಲಿ ಆಡುವಂತೆ ತೂಗುಹಾಕಬೇಕು. ಬಿಗಿದು ಕಟ್ಟಿದರೆ ಬೆಸುಗೆ ಬಿರಿಯುತ್ತದೆ.

ಎರಡನೆಯದು ಒಳಗಿನ ಹೂರಣ. ಕೊಳವೆಯೊಳಗೆ ತೂತುಗಳುಳ್ಳ ಇನ್ನೊಂದು ನಳಿಗೆ. ಎರಡರ ನಡುವೆ ಗಾಜಿನ ಉಣ್ಣೆ. ಸದ್ದಿನ ಅಲೆ ತೂತುಗಳ ಮೂಲಕ ಉಣ್ಣೆಗೆ ನುಗ್ಗಿ ಅಲ್ಲಿ ಸವೆಯುತ್ತದೆ. ಬರಬರುತ್ತ ಉಣ್ಣೆಯೂ ಸುಟ್ಟು ಚೂರಾಗಿ ಹೊಗೆಯೊಡನೆ ಹಾರಿಹೋಗುತ್ತದೆ. ಸದ್ದು ದಿನಕ್ಕಿಷ್ಟು ಏರುವುದರಿಂದ ಒಡೆಯನಿಗೆ ತಿಳಿಯುವುದಿಲ್ಲ, ನೆರೆಯವನಿಗೆ ಮಾತ್ರ ತಿಳಿಯುತ್ತದೆ. ಒಳ್ಳೆಯ ಹೊಸ ಕೊಳವೆಗಳಲ್ಲಿ ಈ ಭಾಗವನ್ನು ಕಳಚಿ ಉಣ್ಣೆಯನ್ನು ಮತ್ತೆ ತುಂಬುವ ಅನುಕೂಲವಿರುತ್ತದೆ. ಒಳನಳಿಗೆಯನ್ನು ತೀರ ಕಿರಿದು ಮಾಡಿದರೆ ಹೊಗೆಗೆ ಉಸಿರು ಕಟ್ಟಿ ಎಂಜಿನ್ ಸೊರಗುತ್ತದೆ. ಆ ಅಳತೆಯಲ್ಲಿಯೇ ಜಾಣ್ಮೆ. ಕೊಳವೆ ಬದಲಾದ ಮೇಲೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನೂ ಹೊಸದಾಗಿ ಹದಗೊಳಿಸಬೇಕು.

ಮೂರನೆಯದು ಹೊದಿಕೆ. ಪಿಂಗಾಣಿಯ ಜಾತಿಯ ಲೇಪವನ್ನು ಒಳಗೂ ಹೊರಗೂ ಬಳಿದರೆ ಹೊರಮೈಗೆ ಹಾಯುವ ಕಾವು ಕಡಿಮೆಯಾಗುತ್ತದೆ. ಅದರ ಮೇಲೆ ತೂತುಗಳುಳ್ಳ ತಗಡಿನ ಕವಚವನ್ನು ಸ್ವಲ್ಪ ಎಡೆಬಿಟ್ಟು ಕೂರಿಸಿದರೆ ನಡುವಿನ ಗಾಳಿಯೇ ಕಾವಲುಗಾರ. ನಕಲುಗಳ ದೇಹ ಸಾಮಾನ್ಯವಾಗಿ ಫೈಬರ್ ಗಾಜಿನದಾದ್ದರಿಂದ ಈ ಕಾವಲು ಕಾಲಿಗಷ್ಟೇ ಅಲ್ಲ, ಬಣ್ಣಕ್ಕೂ ಬೇಕು.

ಇಷ್ಟಾದ ಮೇಲೆ ನಿಷ್ಠಾವಂತನಿಗೆ ಧರ್ಮಸಂಕಟ: “ಅಸಲಿನಲ್ಲಿ ಕವಚವಿರಲಿಲ್ಲ; ನಾನೇಕೆ ಹಾಕಲಿ?” ಉತ್ತರವನ್ನು ಅಸಲೇ ಕೊಡುತ್ತದೆ. ಇಂಗ್ಲಿಷ್ ದೇಹಕ್ಕೆ ಅಮೆರಿಕದ ಹೃದಯವನ್ನಿಟ್ಟ ಕಾರಿಗೆ ಶುದ್ಧ ಕುಲವೆಲ್ಲಿಯದು? ‘427’ ಎಂಬ ಹೆಸರಿನಲ್ಲಿ ಮಾರಿದ ರಸ್ತೆಯ ಕಾರುಗಳಲ್ಲಿ ಕೆಲವಕ್ಕೆ ಅದಕ್ಕಿಂತ ಅಗ್ಗವಾದ ‘428’ ಎಂಜಿನ್ನನ್ನೇ ಕೂರಿಸಿದ್ದರು. ಶೆಲ್ಬಿಯವರು ಇದ್ದುದನ್ನು ಇದ್ದಂತೆ ಪೂಜಿಸಲಿಲ್ಲ. ಕೊರತೆ ಕಂಡಲ್ಲಿ ಕೈಯಿಟ್ಟು ತಿದ್ದಿದರು. ಅವರ ಕಾರನ್ನು ಅನುಕರಿಸುವವನು ಕಾರಿನ ಗಾಯವನ್ನಷ್ಟೇ ಅನುಕರಿಸಿ, ಅದನ್ನು ಕಟ್ಟಿದವರ ಬುದ್ಧಿಯನ್ನು ಕೈಬಿಡುವುದು ಎಂಥ ನಿಷ್ಠೆ?

ಕನ್ನಡ ಓದಿದವನಿಗೆ ಇಲ್ಲಿ ಪಂಪ ನೆನಪಾಗುವುದು ಸಹಜ. ಹತ್ತನೆಯ ಶತಮಾನದಲ್ಲಿ ವ್ಯಾಸರ ಕಥೆಯನ್ನು ಹೇಳಹೊರಟ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದ. ಅದಕ್ಕಾಗಿ ಅವನನ್ನು ನಕಲುಗಾರನೆಂದವರಿಲ್ಲ. ಮೂಲದ ಬಗೆಗೆ ಗೌರವ, ತನ್ನ ಕಾಲದ ಕೇಳುಗರ ಬಗೆಗೆ ಹೊಣೆ - ಎರಡನ್ನೂ ಹೊತ್ತವನು ಕವಿ.

ಕಾರು ಕಟ್ಟುವವನ ಹೊಣೆ ಅಷ್ಟು ದೊಡ್ಡದಲ್ಲದಿರಬಹುದು. ಪಕ್ಕದ ಮನೆಯ ನಿದ್ರೆ, ಓಡಿಬರುವ ಮಗುವಿನ ಕಾಲು, ಇಷ್ಟೇ. ಕೊಳವೆಯ ರೂಪ ಹಾಗೆಯೇ ಇರಲಿ, ಲಯವೂ ಇರಲಿ. ಬರೆಯೊಂದನ್ನು ಮಾತ್ರ ನಕಲು ಮಾಡುವುದು ಬೇಡ.